ಸ್ವೀಕೃತಿ ಇದೆ, ಹಿಂಬರಹವಿಲ್ಲ: ಯೋಜನಾ ಪ್ರಾಧಿಕಾರಗಳ ಆಕ್ಷೇಪಣಾ ಸೇವೆಯ ವಿಮರ್ಶೆ

ದಿನಪತ್ರಿಕೆಯ ಒಳಪುಟಗಳಲ್ಲಿ, ಟೆಂಡರು ಪ್ರಕಟಣೆಗಳಿಗೂ ಹೆಸರು ಬದಲಾವಣೆಯ ಜಾಹೀರಾತುಗಳಿಗೂ ನಡುವೆ, ಆಗಾಗ ಒಂದು ಚಿಕ್ಕ ಚೌಕಟ್ಟು ಕಾಣಿಸಿಕೊಳ್ಳುತ್ತದೆ. ಇಂಥ ಹೋಬಳಿಯ ಇಂಥ ಗ್ರಾಮದ ಇಂಥ ಸರ್ವೆ ನಂಬರಿನ ಇಷ್ಟು ಎಕರೆ ಇಷ್ಟು ಗುಂಟೆ ಜಮೀನನ್ನು ವಸತಿ ಉಪಯೋಗದಿಂದ ವಾಣಿಜ್ಯ ಉಪಯೋಗಕ್ಕೆ ಬದಲಾಯಿಸಲು ಮಾಲೀಕರು ಕೋರಿದ್ದು, ಈ ಬಗ್ಗೆ ಸಾರ್ವಜನಿಕರ ಆಕ್ಷೇಪಣೆಗಳೇನಾದರೂ ಇದ್ದಲ್ಲಿ ನಿಗದಿತ ಅವಧಿಯೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು, ತಪ್ಪಿದಲ್ಲಿ ಯಾವ ಆಕ್ಷೇಪಣೆಯೂ ಇಲ್ಲವೆಂದು ಭಾವಿಸಿ ಮುಂದಿನ ಕ್ರಮ ಜರುಗಿಸಲಾಗುವುದು ಎಂಬುದು ಅದರ ಸಾರಾಂಶ. ನಮ್ಮ ರಾಜ್ಯದ ಯೋಜನಾ ಪ್ರಾಧಿಕಾರಗಳು ನಾಗರಿಕರಿಗೆ ಉಚಿತವಾಗಿ ಕೊಡುತ್ತಿರುವ ಒಂದು ಸೇವೆ ಇದು. ಇದನ್ನು ಬಳಸಿ ನೋಡಿದವನಾಗಿ, ಇತರರು ಬಳಸಿದ್ದರ ಫಲವನ್ನು ಹಲವು ವರ್ಷಗಳಿಂದ ಗಮನಿಸುತ್ತ ಬಂದವನಾಗಿ, ಇದರ ಗುಣದೋಷಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಸೇವೆಯ ಮೂಲ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದಲ್ಲಿದೆ. ಊರಿನ ಯಾವ ಜಾಗ ಯಾವ ಉಪಯೋಗಕ್ಕೆಂದು ಗೊತ್ತುಮಾಡುವ ಮಹಾ ಯೋಜನೆಯ (ಮಾಸ್ಟರ್ ಪ್ಲಾನ್) ಕರಡನ್ನು ಪ್ರಕಟಿಸಿದ ದಿನದಿಂದ 60 ದಿನಗಳೊಳಗೆ ಯಾರು ಬೇಕಾದರೂ ಅದರ ಮೇಲೆ ಲಿಖಿತವಾಗಿ ಅಭಿಪ್ರಾಯ ಹೇಳಬಹುದು ಎಂದು ಅದರ 13ನೇ ಕಲಂ ಹೇಳುತ್ತದೆ. ಅಂತಿಮಗೊಂಡ ಯೋಜನೆಯಲ್ಲಿ ನಡುವೆ ಎಲ್ಲಾದರೂ ಭೂ ಉಪಯೋಗ ಬದಲಾಯಿಸುವುದಿದ್ದರೆ ಆ ಬದಲಾವಣೆ ಸಾರ್ವಜನಿಕ ಹಿತಾಸಕ್ತಿಗೆ ಅನುಗುಣವಾಗಿರಬೇಕು, ಪ್ರಸ್ತಾವವನ್ನು ಆ ಪ್ರದೇಶದಲ್ಲಿ ಪ್ರಸಾರವಿರುವ ದಿನಪತ್ರಿಕೆಯಲ್ಲಿ ಪ್ರಕಟಿಸಿ ಆಕ್ಷೇಪಣೆ ಆಹ್ವಾನಿಸಬೇಕು ಎಂದು 14-ಎ ಕಲಂ ವಿಧಿಸುತ್ತದೆ. ಮರಗಳ ವಿಷಯಕ್ಕೆ ಬೇರೆಯೇ ಕಾಯ್ದೆ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯಬೇಕಾದಾಗ ವೃಕ್ಷ ಅಧಿಕಾರಿಯು ಪ್ರಕಟಣೆ ಹೊರಡಿಸಿ 10 ದಿನ ಆಕ್ಷೇಪಣೆಗೆ ಕಾಯಬೇಕು. ದೊಡ್ಡ ಯೋಜನೆಗಳ ಪರಿಸರ ಅನುಮತಿಗೆ ಕೇಂದ್ರದ 2006ರ ಅಧಿಸೂಚನೆಯಡಿ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ಕಾಗದದ ಮೇಲೆ ನೋಡಿದರೆ ನಮ್ಮ ನಗರಗಳಲ್ಲಿ ನಾಗರಿಕನನ್ನು ಕೇಳದೆ ಒಂದು ಗೆರೆಯೂ ಸರಿಯುವುದಿಲ್ಲ ಎನಿಸುತ್ತದೆ.

ನಾನು ಈ ಸೇವೆಗೆ ಗ್ರಾಹಕನಾದದ್ದು ಭೂ ಉಪಯೋಗ ಬದಲಾವಣೆಯ ಒಂದು ಪ್ರಕರಣದಲ್ಲಿ. ಊರಿನ ಮತ್ತು ಕಚೇರಿಯ ಹೆಸರು ಇಲ್ಲಿ ಅಪ್ರಸ್ತುತ. ಯಾವ ಪ್ರಾಧಿಕಾರಕ್ಕೆ ಹೋದರೂ ಅನುಭವ ಹೆಚ್ಚುಕಡಿಮೆ ಇದೇ ಎಂದು ಬೇರೆ ಊರುಗಳ ಗೆಳೆಯರು ಹೇಳುತ್ತಾರೆ. ನಮ್ಮ ಬಡಾವಣೆಯ ಅಂಚಿನಲ್ಲಿ, ಮೂವತ್ತು ಅಡಿ ರಸ್ತೆಯ ಕೊನೆಗೆ, ಹಿಂಬದಿಯಲ್ಲಿ ಮಳೆನೀರಿನ ಕಾಲುವೆ ಹರಿಯುವ ಖಾಲಿ ಜಮೀನನ್ನು ವಾಣಿಜ್ಯಕ್ಕೆ ಪರಿವರ್ತಿಸುವ ಪ್ರಸ್ತಾವವದು. ಮೇಲೆ ಹೇಳಿದ ಚೌಕಟ್ಟು ಪತ್ರಿಕೆಯಲ್ಲಿ ಬಂದಿತ್ತು. ಓಣಿಯ ಹತ್ತಾರು ಮನೆಗಳಿಗೆ ಆ ಪತ್ರಿಕೆ ಬರುತ್ತಿತ್ತು, ಆದರೂ ಅದು ತಮ್ಮ ಮನೆಯ ಹಿಂದಿನ ಜಮೀನು ಎಂದು ಯಾರಿಗೂ ಹೊಳೆದಿರಲಿಲ್ಲ. ಹೊಳೆಯುವ ಬಗೆಯೂ ಇರಲಿಲ್ಲ. ಬಡಾವಣೆಯ ಜನರಿಗೆ ಆ ಜಾಗ ಗೊತ್ತಿರುವುದು ದೇವಸ್ಥಾನದ ಹಿಂದಿನ ಬಯಲು ಎಂದು. ಪ್ರಕಟಣೆಗೆ ಗೊತ್ತಿರುವುದು ಸರ್ವೆ ನಂಬರು, ಹಿಸ್ಸಾ ನಂಬರು, ಚಕ್ಕುಬಂದಿ. ಮೂವತ್ತು ವರ್ಷದ ಹಿಂದೆ ಹೊಲವಾಗಿದ್ದ ಊರಿನ ಭಾಷೆಯಲ್ಲೇ ಇಂದಿನ ನಗರಕ್ಕೆ ನೋಟಿಸು ಕೊಡುವ ಪದ್ಧತಿ ಈ ಸೇವೆಯ ಮೊದಲ ದೋಷ. ಜಮೀನಿನ ಮುಂದೆಯೇ ನಾಲ್ಕಡಿ ಎತ್ತರದ ಒಂದು ಫಲಕ ನೆಟ್ಟು, ಇಲ್ಲಿ ಇಂಥದ್ದು ಬರಲಿದೆ ಎಂದು ಬರೆಸುವುದಕ್ಕೆ ತಗಲುವ ಖರ್ಚು ಪತ್ರಿಕಾ ಪ್ರಕಟಣೆಯ ಖರ್ಚಿಗಿಂತ ಹೆಚ್ಚೇನೂ ಆಗಲಾರದು.

ನೋಟಿಸಿನ ಸರ್ವೆ ನಂಬರನ್ನು ನೆಲದ ಮೇಲೆ ಗುರುತಿಸಲು ನಮಗೆ ನೆರವಾದದ್ದು ದಿಶಾಂಕ್ ಆ್ಯಪ್. ಕಂದಾಯ ಇಲಾಖೆಯ ಈ ಆ್ಯಪನ್ನು ತೆರೆದು ಜಾಗದಲ್ಲಿ ನಿಂತರೆ ಕಾಲ ಕೆಳಗಿನ ಸರ್ವೆ ನಂಬರು ತೆರೆಯ ಮೇಲೆ ಮೂಡುತ್ತದೆ. ಹಳೆಯ ಗ್ರಾಮನಕ್ಷೆಯ ಕೆರೆ, ಹಳ್ಳ, ಖರಾಬು, ಬಂಡಿದಾರಿಗಳೂ ಉಪಗ್ರಹ ಚಿತ್ರದ ಮೇಲೆ ಗೆರೆಗಳಾಗಿ ಕಾಣುತ್ತವೆ. ಇಂದು ಕಾಂಪೌಂಡು ಎದ್ದಿರುವಲ್ಲಿ ಹಿಂದೆ ಹಳ್ಳ ಹರಿಯುತ್ತಿತ್ತೆಂಬುದು ಇದರಿಂದ ನಿವಾಸಿಗಳಿಗೆ ಮೊದಲ ಬಾರಿಗೆ ತಿಳಿಯುವುದುಂಟು. ಗೆರೆಗಳು ನೆಲದ ಮೇಲೆ ಕೆಲವು ಮೀಟರು ಆಚೀಚೆ ಆಗಬಹುದು, ಆದ್ದರಿಂದ ಅಳತೆಯ ತಕರಾರಿಗೆ ಇದೊಂದೇ ಸಾಕ್ಷಿಯಾಗುವುದಿಲ್ಲ, ಸರ್ವೆಯರನ ನಕ್ಷೆಯೇ ಬೇಕು. ಆದರೂ ಆಕ್ಷೇಪಣಾ ಸೇವೆಯನ್ನು ಬಳಸುವವರಿಗೆ ಸರ್ಕಾರ ಕೊಟ್ಟಿರುವ ಅತ್ಯಂತ ಉಪಯುಕ್ತ ಸಾಧನ ಇದೇ, ಅದೂ ಬೇರೊಂದು ಇಲಾಖೆಯಿಂದ.

ಮಹಾ ಯೋಜನೆಯ ನಕ್ಷೆಯನ್ನು ನೋಡಲು ಕಚೇರಿಗೆ ಹೋಗಬೇಕಾಯಿತು. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆಸಾರ್ವಜನಿಕ ಉಪಯೋಗ, ಹಸಿರು ಉದ್ಯಾನ ಎಂಬ ಬಣ್ಣದ ಸಂಕೇತಗಳು ಒಮ್ಮೆ ತಿಳಿದರೆ ಮರೆಯುವಂಥವಲ್ಲ. ಕಷ್ಟವಿರುವುದು ಅಳತೆಯಲ್ಲಿ. ಇಡೀ ಊರನ್ನು ಒಂದು ಹಾಳೆಗೆ ಇಳಿಸಿದಾಗ ನಮ್ಮ ಬಡಾವಣೆ ಹೆಬ್ಬೆರಳ ಉಗುರಿನಷ್ಟಾಗಿತ್ತು, ಕಾಲುವೆ ಒಂದು ಕೂದಲೆಳೆ. ಹಾಳೆಯ ಮಡಿಕೆ ಸರಿಯಾಗಿ ನಮ್ಮ ಜಾಗದ ಮೇಲೆಯೇ ಬಂದು ಅಲ್ಲಿನ ಬಣ್ಣ ಸವೆದು ಹೋಗಿತ್ತು. ರಸ್ತೆಗಳ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಜತೆಗೆ ಬಂದಿದ್ದ ಹಿರಿಯರೊಬ್ಬರು, ಆ ಊರಿನಲ್ಲೇ ಹುಟ್ಟಿ ಆ ಹೊಲಗಳಲ್ಲೇ ಉತ್ತವರು, ನಕ್ಷೆಯನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ ಕೆರೆ ಯಾವ ಕಡೆಗಿದೆ ಎಂದು ಕೇಳಿದರು.

ಆಕ್ಷೇಪಣೆ ಸಲ್ಲಿಸುವ ಹಂತ ಮಾತ್ರ ಸಲೀಸು, ಮೆಚ್ಚಲೇಬೇಕು. ಟಪಾಲು ವಿಭಾಗದ ಗುಮಾಸ್ತರು ಪತ್ರವನ್ನು ತೆಗೆದುಕೊಂಡು, ಪುಟಗಳನ್ನು ಎಣಿಸಿ, ವಹಿಯಲ್ಲಿ ನಮೂದಿಸಿ, ನಕಲು ಪ್ರತಿಯ ಮೇಲೆ ದಿನಾಂಕವಿರುವ ಮೊಹರು ಒತ್ತಿ ಕೊಟ್ಟರು. ಲಂಚದ ಸುಳಿವಿಲ್ಲ, ನಾಳೆ ಬನ್ನಿ ಎಂಬ ಮಾತಿಲ್ಲ, ಶುಲ್ಕವೂ ಇಲ್ಲ. ಖಾತಾ ಬದಲಾವಣೆಗೋ ನಕ್ಷೆ ಮಂಜೂರಾತಿಗೋ ಅಲೆದವರಿಗೆ ಇದು ಬೇರೊಂದು ಲೋಕದ ಕಚೇರಿಯಂತೆ ಕಂಡೀತು. ಆ ಸಲೀಸಿನ ಕಾರಣ ಆಮೇಲೆ ಅರ್ಥವಾಗುತ್ತದೆ: ಈ ಕಾಗದವನ್ನು ತೆಗೆದುಕೊಂಡದ್ದರಿಂದ ಕಚೇರಿಯಲ್ಲಿ ಯಾರಿಗೂ ಯಾವ ಹೊಣೆಯೂ ಅಂಟುವುದಿಲ್ಲ.

ಸರ್ಕಾರಿ ಕಚೇರಿಯ ವ್ಯವಹಾರ ತಿಳಿದವರಿಗೆ ಹಿಂಬರಹ ಎಂದರೇನೆಂದು ಹೇಳಬೇಕಾಗಿಲ್ಲ. ಅರ್ಜಿಯನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲವೆಂದು ಬರೆದು ಅರ್ಜಿದಾರನಿಗೆ ಕಳುಹಿಸುವ ಪತ್ರವದು. ಅದನ್ನು ಹಿಡಿದು ಮೇಲಿನವರಿಗೆ ಮೇಲ್ಮನವಿ ಸಲ್ಲಿಸಬಹುದು, ನ್ಯಾಯಾಲಯಕ್ಕೂ ಹೋಗಬಹುದು. ಒಂದು ಸಾಧಾರಣ ಪಡಿತರ ಚೀಟಿಯ ತಿದ್ದುಪಡಿ ಅರ್ಜಿಗೂ ಹಿಂಬರಹ ಕೇಳುವ ರೂಢಿ ನಮ್ಮಲ್ಲಿದೆ. ಆಕ್ಷೇಪಣೆಗೆ ಮಾತ್ರ ಅದು ಬರುವುದಿಲ್ಲ. ಮಹಾ ಯೋಜನೆಯ ಮೇಲೆ ಬಂದ ಅಭಿಪ್ರಾಯಗಳನ್ನು ಪ್ರಾಧಿಕಾರ ಪರಿಗಣಿಸಬೇಕು, ಅವುಗಳ ಬೆಳಕಿನಲ್ಲಿ ಅಗತ್ಯವೆನಿಸಿದ ಮಾರ್ಪಾಡುಗಳ ಶಿಫಾರಸಿನೊಡನೆ ಸರ್ಕಾರಕ್ಕೆ ಮರಳಿ ಸಲ್ಲಿಸಬೇಕು ಎಂದಷ್ಟೇ ಕಾಯ್ದೆ ಹೇಳುತ್ತದೆ. ಪರಿಗಣಿಸಿದ್ದನ್ನು ಆಕ್ಷೇಪಿಸಿದವನಿಗೆ ತಿಳಿಸಬೇಕೆಂದು ಅದು ಹೇಳುವುದಿಲ್ಲ. ಮದುವೆ ಮನೆಯ ಬಾಗಿಲಲ್ಲಿ ಮುಯ್ಯಿ ಬರೆದುಕೊಳ್ಳುವ ಪುಸ್ತಕದಂತೆ ಇಲ್ಲಿ ಬಂದವರ ಹೆಸರು ಸಾಲಾಗಿ ದಾಖಲಾಗುತ್ತದೆ. ಮುಯ್ಯಿಯನ್ನಾದರೂ ಮುಂದೊಂದು ದಿನ ತೀರಿಸಬೇಕೆಂಬ ಋಣ ಬರೆಸಿಕೊಂಡವರಿಗೆ ಇರುತ್ತದೆ.

ನಮ್ಮ ಪತ್ರಕ್ಕೆ ಏನಾಯಿತೆಂದು ತಿಳಿದದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ಹತ್ತು ರೂಪಾಯಿಯ ಶುಲ್ಕ, ಒಂದೇ ವಿಷಯ, 150 ಪದಗಳ ಮಿತಿ ಎಂಬ ಕರ್ನಾಟಕದ ನಿಯಮಗಳಿಗೆ ಒಳಪಟ್ಟು, ಆಕ್ಷೇಪಣೆಗಳ ಪರಿಗಣನೆಯ ಟಿಪ್ಪಣಿ ಹಾಳೆಯ ನಕಲನ್ನು ಕೇಳಿದೆವು. ರಸ್ತೆಯ ಅಗಲ, ಕಾಲುವೆಯ ಮೀಸಲು ಅಂತರ (ಅದರ ಬದಿಯಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ), ಬೇಸಿಗೆಯಲ್ಲಿ ಟ್ಯಾಂಕರನ್ನೇ ನಂಬಿರುವ ಬಡಾವಣೆಯ ನೀರಿನ ಸ್ಥಿತಿ ಇವನ್ನೆಲ್ಲ ಅಳತೆ, ಫೋಟೋ ಸಮೇತ ನಾವು ಬರೆದಿದ್ದೆವು. ಟಿಪ್ಪಣಿ ಹಾಳೆಯಲ್ಲಿ ಅದಕ್ಕೆ ಸಿಕ್ಕಿದ್ದು ಒಂದೇ ಸಾಲು: ಸದರಿ ಆಕ್ಷೇಪಣೆಗಳು ಸಾಮಾನ್ಯ ಸ್ವರೂಪದವಾಗಿರುವುದರಿಂದ ಪ್ರಸ್ತಾವವನ್ನು ಸಭೆಯ ಮುಂದೆ ಮಂಡಿಸಬಹುದಾಗಿದೆ. ಕಾಲುವೆಯ ಮಾತು ತಪ್ಪೆಂದು ಅವರು ಹೇಳಿದ್ದರೂ ನಾನು ಒಪ್ಪಿಕೊಳ್ಳುತ್ತಿದ್ದೆ. ಅಳತೆ ಮಾಡಿ ತೋರಿಸಿ ಎನ್ನಬಹುದಿತ್ತು. ಕಾಲುವೆ ಎಂಬ ಪದವೇ ಆ ಹಾಳೆಯಲ್ಲಿ ಇರಲಿಲ್ಲ.

ಇದು ಒಂದು ಸಣ್ಣ ಜಮೀನಿನ ಮಾತಾಯಿತು. ಇದೇ ಸೇವೆ ಅತಿ ದೊಡ್ಡ ಪ್ರಮಾಣದಲ್ಲಿ ಪರೀಕ್ಷೆಗೊಳಗಾದದ್ದು ಬೆಂಗಳೂರಿನ 2031ರ ಪರಿಷ್ಕೃತ ಮಹಾ ಯೋಜನೆಯ ಸಂದರ್ಭದಲ್ಲಿ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು 2017ರ ನವೆಂಬರಿನಲ್ಲಿ ಅದರ ಕರಡನ್ನು ಪ್ರಕಟಿಸಿತು. 2031ಕ್ಕೆ ನಗರದ ಜನಸಂಖ್ಯೆ ಎರಡು ಕೋಟಿ ದಾಟುತ್ತದೆಂದು ಅಂದಾಜಿಸಿ ಸಿದ್ಧಪಡಿಸಿದ, ಹಲವು ಸಂಪುಟಗಳಿಗೆ ಹರಡಿದ ದಾಖಲೆಯದು. ಅದನ್ನು ಓದಿ, ತಮ್ಮ ಬಡಾವಣೆಯ ಭಾಗವನ್ನು ಹುಡುಕಿ, ವಲಯ ನಿಯಮಾವಳಿಗೆ ಹೋಲಿಸಿ ಬರೆಯಲು ಜನರಿಗೆ ಇದ್ದದ್ದು ಕಾಯ್ದೆಯ ಅರವತ್ತು ದಿನ. ಆದರೂ 13 ಸಾವಿರಕ್ಕೂ ಹೆಚ್ಚು ಆಕ್ಷೇಪಣೆಗಳು ಬಂದವು. ಬೆಂಗಳೂರಿನವರಿಗೆ ಊರಿನ ಚಿಂತೆಯಿಲ್ಲ ಎನ್ನುವವರು ಆ ಸಂಖ್ಯೆಯನ್ನು ನೆನಪಿಡಬೇಕು. ಮನೆಯ ಮುಂದಿನ ರಸ್ತೆ ಅಗಲೀಕರಣಕ್ಕೆ ಹೆದರಿ ಬರೆದವರಿದ್ದರು, ಹಸಿರು ವಲಯ ಕಿರಿದಾಗುತ್ತದೆಂದು ಬರೆದವರಿದ್ದರು, ತಮ್ಮ ಜಮೀನನ್ನು ಹಸಿರಿನಿಂದ ಬಿಡಿಸಿ ಹಳದಿ ಮಾಡಿ ಎಂದು ಬರೆದವರೂ ಇದ್ದರು. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ ಈ ಯೋಜನೆಯನ್ನು ಮಾಡಬೇಕಾದದ್ದು ಮಹಾನಗರ ಯೋಜನಾ ಸಮಿತಿಯೇ ಹೊರತು ಅಭಿವೃದ್ಧಿ ಪ್ರಾಧಿಕಾರವಲ್ಲ ಎಂಬ ಮೂಲಭೂತ ತಕರಾರನ್ನು ನಾಗರಿಕ ಸಂಘಟನೆಗಳು ಎತ್ತಿದ್ದವು, ಅದು ಹೈಕೋರ್ಟಿಗೂ ಹೋಯಿತು.

2020ರ ಜೂನ್‌ನಲ್ಲಿ ಸರ್ಕಾರವು ಆ ಕರಡನ್ನೇ ಹಿಂತೆಗೆದುಕೊಂಡಿತು. ಆಕ್ಷೇಪಿಸಿದವರ ಗೆಲುವು ಎಂದು ಇದನ್ನು ಕರೆಯಲು ನನಗೆ ಮನಸ್ಸು ಬರುವುದಿಲ್ಲ. ಯಾವ ಆಕ್ಷೇಪಣೆ ಸರಿ, ಯಾವುದು ಸಲ್ಲದು ಎಂದು ಆಕ್ಷೇಪಣೆಗೊಂದು ಉತ್ತರದಂತೆ ನಿರ್ಣಯವಾಗಿ ಪ್ರಕಟವಾಗಿದ್ದರೆ ಮುಂದಿನ ಯೋಜನೆಯನ್ನು ಬರೆಯುವವರಿಗೆ ಅದೇ ಬುನಾದಿಯಾಗುತ್ತಿತ್ತು. ಆ ಪರಿಶ್ರಮವೆಲ್ಲ ಕರಡಿನೊಡನೆಯೇ ಕಪಾಟು ಸೇರಿತು. ನಗರ ಮಾತ್ರ ನಿಲ್ಲಲಿಲ್ಲ. 2007ರ ಜೂನ್‌ನಲ್ಲಿ ಅನುಮೋದನೆಗೊಂಡ, 2015ರವರೆಗಿನ ಅಗತ್ಯಕ್ಕೆಂದು ಬರೆದ ಹಳೆಯ ಯೋಜನೆಯ ಆಧಾರದ ಮೇಲೆಯೇ ಆಮೇಲೂ ವರ್ಷಗಟ್ಟಲೆ ಕಟ್ಟಡಗಳು ಎದ್ದವು. ಹತ್ತು ವರ್ಷಕ್ಕೊಮ್ಮೆಯಾದರೂ ಮಹಾ ಯೋಜನೆಯನ್ನು ಪರಿಷ್ಕರಿಸಬೇಕೆಂದು ಹೇಳುವ ಕಾಯ್ದೆಯಡಿಯಲ್ಲೇ ಇದು ನಡೆದದ್ದು. ಮಹಾ ಯೋಜನೆ ಹಳತಾದಷ್ಟೂ ಬಿಡಿ ಬಿಡಿ ಭೂ ಉಪಯೋಗ ಬದಲಾವಣೆಗಳು ಹೆಚ್ಚುತ್ತವೆ, ಪತ್ರಿಕೆಯ ಆ ಚಿಕ್ಕ ಚೌಕಟ್ಟುಗಳು ಹೆಚ್ಚುತ್ತವೆ, ಅರವತ್ತು ದಿನ ಒಟ್ಟಾಗಿ ಇಡೀ ಊರಿನ ಬಗ್ಗೆ ಮಾತಾಡಬೇಕಾದ ಜನ ಒಂದೊಂದು ಸರ್ವೆ ನಂಬರಿಗೆ ಒಬ್ಬೊಬ್ಬರೇ ಓಡಾಡಬೇಕಾಗುತ್ತದೆ.

ಉಕ್ಕಿನ ಮೇಲ್ಸೇತುವೆಯ ಪ್ರಸಂಗ ಇದಕ್ಕೆ ವಿರುದ್ಧ ದಿಕ್ಕಿನ ಸಾಕ್ಷಿ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದ, ಸುಮಾರು 1,800 ಕೋಟಿ ರೂಪಾಯಿ ವೆಚ್ಚ, 812 ಮರಗಳ ಬಲಿ ಎಂದು 2016ರಲ್ಲಿ ಸುದ್ದಿಯಾದ ಈ ಯೋಜನೆಯ ಬಗ್ಗೆಯೂ ಸಾರ್ವಜನಿಕ ಅಭಿಪ್ರಾಯ ಕೇಳುವ ಶಾಸ್ತ್ರ ನಡೆದಿತ್ತು. ಬಂದ ಮಿಂಚಂಚೆಗಳು ಕೆಲವು ನೂರು ಮಾತ್ರ, ಅದರಲ್ಲೂ ಹೆಚ್ಚಿನವು ಪರವಾಗಿಯೇ ಇದ್ದವೆಂದು ಹೇಳಲಾಯಿತು. ಆ ಅಕ್ಟೋಬರಿನ 16ನೇ ತಾರೀಕು ಭಾನುವಾರ ಸಾವಿರಾರು ಜನ ಅದೇ ಮಾರ್ಗದಲ್ಲಿ ಕೈಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. ತಿಂಗಳ ಕೊನೆಗೆ ಹಸಿರು ನ್ಯಾಯಮಂಡಳಿ ತಡೆ ಕೊಟ್ಟಿತು, 2017ರ ಮಾರ್ಚ್ 2ರಂದು ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಅಧಿಕೃತ ಆಕ್ಷೇಪಣಾ ಸೇವೆ ಕೆಲವು ನೂರು ದನಿಗಳನ್ನು ಎಣಿಸಿದ ಊರಿನಲ್ಲಿ ರಸ್ತೆಗೆ ಬಂದದ್ದು ಸಾವಿರಾರು. ಒಂದು ಸೇವೆಯ ನಿಜವಾದ ಬೇಡಿಕೆ ಇಷ್ಟಿದ್ದೂ ಅದು ಸೇವೆಯ ಕಟ್ಟೆಯ ಹೊರಗೇ ಹರಿದುಹೋಯಿತೆಂದರೆ ದೋಷ ಕಟ್ಟೆಯದು. 2023ರ ಫೆಬ್ರುವರಿಯಲ್ಲಿ ಸ್ಯಾಂಕಿ ಕೆರೆಯ ಬಳಿಯ ರಸ್ತೆ ಅಗಲೀಕರಣ ಮತ್ತು ಮೇಲ್ಸೇತುವೆಯನ್ನು ವಿರೋಧಿಸಿ ಸದಾಶಿವನಗರ, ಮಲ್ಲೇಶ್ವರದ ನಿವಾಸಿಗಳು ನಡೆದಾಗಲೂ ಆದದ್ದು ಇದೇ. ಅಲ್ಲಿ ಪ್ರತಿಭಟಿಸಿದವರ ಮೇಲೆ ಪೊಲೀಸು ಪ್ರಕರಣವೂ ದಾಖಲಾಯಿತು.

ಇದೇ ಸೇವೆಯ ಇನ್ನೊಂದು ಮಾದರಿ ನಮ್ಮ ಕಾನೂನಿನಲ್ಲೇ ಇದೆ, ಅದು ಎಷ್ಟೋ ಉತ್ತಮವಾಗಿದೆ. ಪರಿಸರ ಅನುಮತಿಯ ಅಹವಾಲು ಸಭೆಗೆ 30 ದಿನಗಳ ಮುಂಚಿನ ಪ್ರಕಟಣೆ ಬೇಕು, ಒಂದು ಪ್ರಾದೇಶಿಕ ಭಾಷೆಯ ಪತ್ರಿಕೆಯಲ್ಲೂ ಅದು ಬರಬೇಕು. ಸಭೆಯ ಅಧ್ಯಕ್ಷತೆ ಜಿಲ್ಲಾಧಿಕಾರಿಯದು ಅಥವಾ ಅವರ ಪ್ರತಿನಿಧಿಯದು. ಇಡೀ ಕಲಾಪ ಚಿತ್ರೀಕರಣವಾಗಬೇಕು, ಜನ ಹೇಳಿದ್ದರ ಸಾರವನ್ನು ಸಭೆಯ ಕೊನೆಗೆ ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು, ಎತ್ತಿದ ಪ್ರಶ್ನೆಗಳನ್ನು ಯೋಜನೆಯವರು ಅಂತಿಮ ವರದಿಯಲ್ಲಿ ಉತ್ತರಿಸಬೇಕು. ಉತ್ತರದ ಹೊಣೆ ಇರುವುದು ಇಲ್ಲಿ ಮಾತ್ರ. ಅದರ ಫಲ ನ್ಯಾಯಾಲಯದಲ್ಲಿ ಕಾಣುತ್ತದೆ. ತುಮಕೂರು ರಸ್ತೆಯಿಂದ ಹೊಸೂರು ರಸ್ತೆಯವರೆಗೆ ಸುಮಾರು 65 ಕಿ.ಮೀ. ಉದ್ದದ ಪೆರಿಫೆರಲ್ ವರ್ತುಲ ರಸ್ತೆಗೆ ಸಿಕ್ಕಿದ್ದ ಪರಿಸರ ಅನುಮತಿಯ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂದಾಗ, ಕಡಿಯಬೇಕಾದ ಮರಗಳು ಕೆಲವು ನೂರು ಎಂದು ವರದಿಯಲ್ಲಿಯೂ, 16 ಸಾವಿರಕ್ಕೂ ಹೆಚ್ಚು ಎಂದು ಅರಣ್ಯ ಇಲಾಖೆಯ ಲೆಕ್ಕದಲ್ಲಿಯೂ ಇದ್ದುದು ಬಯಲಾಯಿತು. 2020ರ ಮಾರ್ಚ್‌ನ ತೀರ್ಪು ಹೊಸದಾಗಿ ಅಧ್ಯಯನ ನಡೆಸಲು ಹೇಳಿತು. ಹೊಸ ಅಧ್ಯಯನದಲ್ಲಿ ಮರಗಳ ಸಂಖ್ಯೆ 33 ಸಾವಿರ ದಾಟಿತು. ಇಷ್ಟು ಒಳ್ಳೆಯ ವಿಧಾನವನ್ನು ಕೈಯಲ್ಲಿಟ್ಟುಕೊಂಡೂ, ಅದೇ ಅಧಿಸೂಚನೆ ಕಟ್ಟಡ ನಿರ್ಮಾಣ ಮತ್ತು ಟೌನ್‌ಶಿಪ್ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿತು. ನಗರವಾಸಿಗೆ ದಿನನಿತ್ಯ ಎದುರಾಗುವುದು ಅವೇ.

ನಿವಾಸಿಗಳ ಆಕ್ಷೇಪಣೆಗಳೆಲ್ಲ ಸಾರ್ವಜನಿಕ ಹಿತಕ್ಕಾಗಿಯೇ ಇರುತ್ತವೆಂದು ನಾನು ವಾದಿಸುವುದಿಲ್ಲ. ಒಣತ್ಯಾಜ್ಯ ಸಂಗ್ರಹ ಕೇಂದ್ರ, ಬಸ್ ಡಿಪೊ, ಬೀದಿ ವ್ಯಾಪಾರಿಗಳ ವಲಯ, ವಿದ್ಯಾರ್ಥಿ ನಿಲಯ ಇವೆಲ್ಲ ಬೇಕು, ಆದರೆ ನಮ್ಮ ರಸ್ತೆಯಲ್ಲಿ ಬೇಡ ಎನ್ನುವ ಪತ್ರಗಳನ್ನು ನಾನೂ ಓದಿದ್ದೇನೆ, ಸಹಿಗೆಂದು ನನ್ನ ಮುಂದೆ ಹಿಡಿದದ್ದೂ ಉಂಟು. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ಬೆರಳಚ್ಚು ಮಾಡಿಸಿ, ವಕೀಲರಿಂದ ತಿದ್ದಿಸಿ ಕಳುಹಿಸುವ ಅಪಾರ್ಟ್‌ಮೆಂಟ್ ಸಂಘಕ್ಕೂ ಗುಂಟೆ ಲೆಕ್ಕದ ಜಮೀನಿರುವ ರೈತನಿಗೂ ಈ ಸೇವೆಯಲ್ಲಿ ಸಮಾನ ಪ್ರವೇಶವಿದೆಯೆಂದು ಹೇಳುವುದು ಕಷ್ಟ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರು, ಮಾವಳ್ಳಿಪುರಗಳ ಜನ ನಗರದ ಯಾವ ಪ್ರಕಟಣೆಯ ಓದುಗರೂ ಆಗಿರಲಿಲ್ಲ. ಲಾರಿಗಳನ್ನು ಅಡ್ಡಗಟ್ಟಿದ ಮೇಲೆಯೇ ಅವರ ಆಕ್ಷೇಪಣೆ ಸ್ವೀಕೃತವಾದದ್ದು, ಮಂಡೂರಿಗೆ ಕಸ ಹೋಗುವುದು ನಿಂತದ್ದು 2014ರ ಕೊನೆಗೆ. ಕಾರಣ ಕೊಟ್ಟು ಉತ್ತರಿಸುವ ಪದ್ಧತಿ ಇದ್ದರೆ ಸ್ವಾರ್ಥದ ಆಕ್ಷೇಪಣೆಯನ್ನು ಸ್ವಾರ್ಥವೆಂದೇ ಬರೆದು ತಳ್ಳಿಹಾಕಲು ಅಧಿಕಾರಿಗೂ ಅನುಕೂಲ. ಈಗ ಅದೂ ಸಾಮಾನ್ಯ ಸ್ವರೂಪದ್ದು, ಕಾಲುವೆಯ ಮಾತೂ ಸಾಮಾನ್ಯ ಸ್ವರೂಪದ್ದು.

ಬೆಂಗಳೂರಿನಲ್ಲಿ ಈ ಸೇವೆಯ ಭಾರ ಹೆಚ್ಚಿದ್ದಕ್ಕೆ ಇನ್ನೊಂದು ಕಾರಣವೂ ಇದೆ. ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಳ ಕಾಲ ಹೊಸ ಚುನಾವಣೆಯೇ ನಡೆಯಲಿಲ್ಲ. ಮೊದಲಾದರೆ ವಾರ್ಡಿನ ಸದಸ್ಯರ ಮನೆ ಮುಂದೆ ನಾಲ್ಕು ಜನ ನಿಂತು ಹೇಳಬಹುದಾಗಿದ್ದ ತಕರಾರು ಈಗ ಟಪಾಲು ವಿಭಾಗವನ್ನೇ ನೆಚ್ಚಬೇಕು. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿರುವುದರಿಂದ, ನಿಮ್ಮ ಪ್ರಸ್ತಾವ ಯಾವ ಕಚೇರಿಯ ವ್ಯಾಪ್ತಿಯದೆಂದು ಪತ್ರ ಬರೆಯುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಇಷ್ಟೆಲ್ಲ ದೋಷ ಹೇಳಿದ ಮೇಲೂ ಈ ಸೇವೆಯನ್ನು ಬಳಸಬೇಡಿ ಎಂದು ನಾನು ಹೇಳಲಾರೆ. ಕಾರಣ ಸದಾಶಿವನಗರದ ಒಂದು ಉದ್ಯಾನ. ಅಲ್ಲಿ, ಅಂದರೆ ರಾಜಮಹಲ್ ವಿಲಾಸ ಬಡಾವಣೆಯಲ್ಲಿ, ಉದ್ಯಾನಕ್ಕೆಂದು ಮೀಸಲಿಟ್ಟಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಂಗೆ ಹಂಚಿಕೆ ಮಾಡಿದ್ದನ್ನು ನಿವಾಸಿಗಳು ಪ್ರಶ್ನಿಸಿದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣವೆಂದೇ ಹೆಸರಾದ ಆ ವ್ಯಾಜ್ಯದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟು ಹಂಚಿಕೆಯನ್ನು ಊರ್ಜಿತಗೊಳಿಸಲಿಲ್ಲ. ಬಡಾವಣೆಯ ನಿವಾಸಿಗಳಿಗೆ ಇಂಥದ್ದನ್ನು ಪ್ರಶ್ನಿಸುವ ಹಕ್ಕಿದೆಯೆಂದು ಎತ್ತಿಹಿಡಿಯಿತು. ಉದ್ಯಾನ ಮತ್ತು ನಾಗರಿಕ ಸೌಲಭ್ಯ ನಿವೇಶನಗಳನ್ನು ಬೇರೆ ಉದ್ದೇಶಕ್ಕೆ ಕೊಡುವುದನ್ನು ನಿಷೇಧಿಸುವ 38-ಎ ಕಲಂ ಬಿಡಿಎ ಕಾಯ್ದೆಯಲ್ಲಿದೆ, 1985ರ ಉದ್ಯಾನ ಮತ್ತು ಬಯಲು ಪ್ರದೇಶಗಳ ಕಾಯ್ದೆಯೂ ಇದೆ. ಆದರೆ ನ್ಯಾಯಾಲಯದ ಮುಂದೆ ನಿಂತಾಗ ಕೇಳುವ ಮೊದಲ ಪ್ರಶ್ನೆ, ಪ್ರಕಟಣೆ ಬಂದಾಗ ನೀವೇಕೆ ಸುಮ್ಮನಿದ್ದಿರಿ ಎಂಬುದು. ದಿನಾಂಕದ ಮೊಹರಿರುವ ಆ ನಕಲು ಪ್ರತಿಯ ಬೆಲೆ ತಿಳಿಯುವುದು ಅಲ್ಲಿ.

ಹಾಗಾಗಿ ಬರೆಯುವಾಗ ಅಳತೆಗಳನ್ನೇ ಬರೆಯಬೇಕು, ಅವು ಜಾರಿಯಲ್ಲಿರುವ ಅಳತೆಗಳೂ ಆಗಿರಬೇಕು. ಕೆರೆಯ ಮೀಸಲು ಅಂತರವೆಂದರೆ 75 ಮೀಟರು ಎಂದು ಇಂದಿಗೂ ಅನೇಕರು ಬರೆಯುತ್ತಾರೆ. ಅದು 2016ರ ಮೇ ತಿಂಗಳಲ್ಲಿ ಹಸಿರು ನ್ಯಾಯಮಂಡಳಿ ಹೇಳಿದ್ದ ಅಂತರ. 2019ರ ಮಾರ್ಚ್ 5ರಂದು ಸುಪ್ರೀಂ ಕೋರ್ಟು ಅದನ್ನು ರದ್ದುಗೊಳಿಸಿ, 2007ರಲ್ಲಿ ಅನುಮೋದನೆಗೊಂಡ 2015ರ ಮಹಾ ಯೋಜನೆಯ ಅಂತರಗಳನ್ನೇ, ಅಂದರೆ ಕೆರೆಗೆ 30 ಮೀಟರು, ಪ್ರಾಥಮಿಕ, ದ್ವಿತೀಯ ಮತ್ತು ತೃತೀಯ ಹಂತದ ಕಾಲುವೆಗಳಿಗೆ 50, 25 ಮತ್ತು 15 ಮೀಟರುಗಳನ್ನು ಉಳಿಸಿತು. ಆ ಬಳಿಕ ನಿಯಮ ಬದಲಾಗಿದೆಯೇ ಎಂದು ಸಲ್ಲಿಸುವ ದಿನ ಇನ್ನೊಮ್ಮೆ ನೋಡಿಕೊಳ್ಳಬೇಕು. ಹಳೆಯ ಅಂಕಿಯೊಂದು ಪತ್ರದಲ್ಲಿ ಸಿಕ್ಕರೆ ಪೂರ್ತಿ ಪತ್ರವನ್ನೇ ಬದಿಗಿಡಲು ಟಿಪ್ಪಣಿ ಬರೆಯುವವರಿಗೆ ಅಷ್ಟೇ ಸಾಕು. ಐವತ್ತು ಮನೆಗಳಿಂದ ಒಂದೇ ಒಕ್ಕಣೆಯ ಐವತ್ತು ಪ್ರತಿ ಕಳುಹಿಸುವುದಕ್ಕಿಂತ ರಸ್ತೆ, ನೀರು, ಕಾಲುವೆ ಎಂದು ಬೇರೆ ಬೇರೆ ವಿಷಯ ಹಿಡಿದು ಬರೆದ ಐದು ಪತ್ರಗಳು ಮೇಲು.

ಅಂಕ ಕೊಡಬೇಕೆಂದರೆ ಐದಕ್ಕೆ ಎರಡು. ಒಂದು ಟಪಾಲು ವಿಭಾಗಕ್ಕೆ, ಇನ್ನೊಂದು ಅರವತ್ತು ದಿನವೆಂದು ಬರೆದಿಟ್ಟ 1961ರ ಕಾಯ್ದೆಗೆ. ನಕ್ಷೆಯನ್ನು ಕನ್ನಡದಲ್ಲಿ, ಬಡಾವಣೆ ಗುರುತಿಸುವಷ್ಟು ದೊಡ್ಡದಾಗಿ ಕೊಟ್ಟು, ಜಮೀನಿನ ಮುಂದೆ ಫಲಕ ನೆಟ್ಟರೆ ಇನ್ನೊಂದು ಅಂಕ ಸೇರಿಸಲು ನನ್ನ ಅಡ್ಡಿಯಿಲ್ಲ. ಉಳಿದೆರಡು ಅಂಕಗಳು ಹಿಂಬರಹಕ್ಕೆ ಮೀಸಲು: ಸ್ವೀಕೃತಿ ಸಂಖ್ಯೆ, ಆಕ್ಷೇಪಣೆಯ ಸಾರ, ಪ್ರಾಧಿಕಾರದ ನಿರ್ಣಯ, ಅದಕ್ಕೆ ಕಾರಣ ಎಂಬ ನಾಲ್ಕು ಅಂಕಣಗಳ ಒಂದು ತಖ್ತೆಯನ್ನು ಅನುಮೋದನೆಗೆ ಮುನ್ನ ಪ್ರಕಟಿಸಿದರೆ ಸಾಕು, ಕಾಯ್ದೆಯ ತಿದ್ದುಪಡಿಗೂ ಕಾಯಬೇಕಾಗಿಲ್ಲ.